ಹೆಸರಿಲ್ಲದ ರೋಗಿಯ ಎಣಿಕೆ

ಹೊನ್ನಾವರ ಅಥವಾ ಸಿದ್ದಾಪುರ ತಾಲೂಕಿನ ಕಾಡಂಚಿನಲ್ಲಿ ಮಂಗವೊಂದು ಸತ್ತು ಬಿದ್ದಿತೆಂದರೆ ಆ ಸುದ್ದಿ ಬಹಳ ಹೊತ್ತು ಅಡಗಿರುವುದಿಲ್ಲ. ಬೆಟ್ಟಕ್ಕೆ ಸೊಪ್ಪಿಗೆ ಹೋದವರು ಕಂಡು ಬಂದು ಊರಲ್ಲಿ ಹೇಳುತ್ತಾರೆ. ಆಶಾ ಕಾರ್ಯಕರ್ತೆಯ ಮೂಲಕ ಅದು ಆರೋಗ್ಯ ಕೇಂದ್ರವನ್ನು ಮುಟ್ಟುತ್ತದೆ. ಮಂಗ ಬಿದ್ದ ಜಾಗದ ಸುತ್ತ 50 ಮೀಟರ್ ವಲಯಕ್ಕೆ ಉಣ್ಣೆ ಕೊಲ್ಲುವ ಔಷಧಿ ಬೀಳುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ವಿಷಯದಲ್ಲಿ ಸುದ್ದಿಯೇ ಅರ್ಧ ಚಿಕಿತ್ಸೆ. ಸತ್ತ ಮಂಗಕ್ಕೆ ಮಾನವೂ ಇಲ್ಲ, ಅವಮಾನವೂ ಇಲ್ಲ. ಆದ್ದರಿಂದ ಅದರ ಸುದ್ದಿಗೆ ಅಡ್ಡಿಯೂ ಇಲ್ಲ.

ಇನ್ನು ಹೊನ್ನಾವರಕ್ಕೂ ಕುಮಟೆಗೂ ನಡುವೆ ಹೆದ್ದಾರಿಯ ಮೇಲಿರುವ ಕರ್ಕಿಯಂಥ ಊರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅಲ್ಲಿ ಒಬ್ಬನಿಗೆ, ಅವನು ದೋಣಿಯವನಿರಲಿ, ಲಾರಿಯವನಿರಲಿ, ಕಾಲೇಜಿಗೆ ಹೋಗುವವನಿರಲಿ, ಗುಹ್ಯಭಾಗದಲ್ಲಿ ನೋವಿಲ್ಲದ ಒಂದು ಹುಣ್ಣು ಕಾಣಿಸಿಕೊಂಡಿತು ಎನ್ನೋಣ. ಅವನು ಹೋಗುವುದೆಲ್ಲಿಗೆ? ಹೆಂಡತಿಯ ಅಕ್ಕನ ಮಗಳು ದಾದಿಯಾಗಿರುವ ಆಸ್ಪತ್ರೆಗೆ ಅವನು ಖಂಡಿತ ಹೋಗಲಾರ. ಔಷಧದಂಗಡಿಯಲ್ಲಿ ಏನೋ ಒಂದು ಮುಲಾಮು ಕೇಳುತ್ತಾನೆ; ಇಲ್ಲವೆ ಪರಿಚಯವಿಲ್ಲದ ಊರಿಗೆ ಬಸ್ಸು ಹತ್ತುತ್ತಾನೆ; ಇಲ್ಲವೆ ಸುಮ್ಮನಿದ್ದುಬಿಡುತ್ತಾನೆ. ಸುಮ್ಮನಿದ್ದರೂ ಆ ಹುಣ್ಣು ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ರೋಗ ಮಾತ್ರ ಮಾಯುವುದಿಲ್ಲ. ಅದರ ಹೆಸರು ಸಿಫಿಲಿಸ್.

ಈ ಹುಣ್ಣಿನ ಸುದ್ದಿ ಆರೋಗ್ಯ ಇಲಾಖೆಗೆ ತಿಳಿಯಬೇಕೇ? ತಿಳಿಯಬೇಕಾದರೆ ಯಾವ ರೂಪದಲ್ಲಿ? ಇದೇ ಈ ಲೇಖನದ ವಿಷಯ. ಭೌತಶಾಸ್ತ್ರ ಕಲಿಸುವವರಿಗೆ ಇಲ್ಲೇನು ಕೆಲಸವೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಕಣ್ಣಿಗೆ ಬೀಳದ ವಸ್ತುಗಳನ್ನು ಎಣಿಸುವುದೇ ನಮ್ಮ ಶಾಸ್ತ್ರದ ಹಳೆಯ ಕಸುಬು. ಮತ್ತು ಈ ಪ್ರಶ್ನೆ ಬಹುಮಟ್ಟಿಗೆ ಎಣಿಕೆಯದೇ ಆಗಿದೆ.

ಹೆಸರಿನಿಂದಲೇ ಆರಂಭಿಸೋಣ. 16ನೆಯ ಶತಮಾನದ ಆಯುರ್ವೇದ ಗ್ರಂಥವಾದ ‘ಭಾವಪ್ರಕಾಶ’ದಲ್ಲಿ ಈ ವ್ಯಾಧಿಗೆ ಫಿರಂಗರೋಗವೆಂದು ಹೆಸರು, ನಮ್ಮ ಜನ ಪರಂಗಿ ಹುಣ್ಣು ಎಂದರು. ಯೂರೋಪಿನಲ್ಲಿ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರೆ ಫ್ರೆಂಚರು ನೇಪಲ್ಸಿನವರ ರೋಗವೆಂದರು. ಎಲ್ಲ ದೇಶಗಳೂ ಒಪ್ಪಿದ್ದು ಒಂದೇ ಮಾತನ್ನು: ಇದು ನಮ್ಮದಲ್ಲ, ಪಕ್ಕದವರದು. 1879ರಲ್ಲಿ ನೈಸರ್ ಗೊನೋರಿಯಾದ ರೋಗಾಣುವನ್ನೂ, 1905ರಲ್ಲಿ ಷೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸಿನ ಸುರುಳಿಯಾಕಾರದ ರೋಗಾಣುವನ್ನೂ ಕಂಡುಹಿಡಿದರು. 1943ರಲ್ಲಿ ಪೆನಿಸಿಲಿನ್ನಿನಿಂದ ಸಿಫಿಲಿಸ್ ಗುಣವಾಗುವುದೂ ತಿಳಿದುಬಂದಿತು. ರೋಗಾಣು ಗೊತ್ತು, ಪರೀಕ್ಷೆ ಗೊತ್ತು, ಮದ್ದು ಗೊತ್ತು, ಮದ್ದು ಅಗ್ಗವೂ ಹೌದು. ಆದರೂ ರೋಗ ಉಳಿದಿದೆಯೆಂದರೆ ಅದು ಉಳಿದಿರುವುದು ನಾಚಿಕೆಯ ಮರೆಯಲ್ಲಿ.

ಈಗ ನಮ್ಮ ರೋಗಿ ಧೈರ್ಯಮಾಡಿ ಸರ್ಕಾರಿ ಆಸ್ಪತ್ರೆಗೇ ಬಂದನೆಂದು ಊಹಿಸೋಣ. ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕ ಕಂಡವರುಂಟು. ರೋಗದ ಹೆಸರನ್ನು ಹೊರಗೆ ಬರೆದರೆ ಒಳಗೆ ಯಾರೂ ಬಾರರೆಂಬ ಸೂಕ್ಷ್ಮ ಆ ಹೆಸರಿನಲ್ಲಿದೆ. ವೈದ್ಯರು ಅಲ್ಲಿ ಪ್ರಯೋಗಶಾಲೆಯ ವರದಿಗಾಗಿ ಕಾಯದೆ, ಲಕ್ಷಣಗಳ ಸಮೂಹವನ್ನು ನೋಡಿ ಚಿಕಿತ್ಸೆ ಆರಂಭಿಸುತ್ತಾರೆ: ಹುಣ್ಣು, ಸ್ರಾವ, ಕಿಬ್ಬೊಟ್ಟೆಯ ನೋವು, ತೊಡೆಸಂದಿಯ ಗಡ್ಡೆ ಹೀಗೆ. ರೋಗಿ ಮತ್ತೊಮ್ಮೆ ಬಂದಾನೆಂಬ ಭರವಸೆಯಿಲ್ಲದಿರುವುದೇ ಇದಕ್ಕೆ ಕಾರಣ. ಒಂದೊಂದು ಲಕ್ಷಣಸಮೂಹಕ್ಕೂ ಔಷಧಗಳನ್ನು ಒಟ್ಟುಗೂಡಿಸಿ ಬೇರೆ ಬೇರೆ ಬಣ್ಣದ ಪೊಟ್ಟಣಗಳನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿತು. ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಎಂದು ಏಳು. ಓದಲು ಬಾರದವನಿಗೂ ಬಣ್ಣ ತಿಳಿಯುತ್ತದೆ; ಎಷ್ಟು ಬಿಳಿಯ ಪೊಟ್ಟಣ ಖರ್ಚಾಯಿತೆಂಬುದು ಎಷ್ಟು ಹುಣ್ಣಿನ ರೋಗಿಗಳು ಬಂದರೆಂಬುದಕ್ಕೆ ಇನ್ನೊಂದು ಲೆಕ್ಕವೂ ಆಗುತ್ತದೆ.

ರೋಗಿಯ ಹೆಸರು ಕ್ಲಿನಿಕ್ಕಿನ ದಾಖಲೆಯಲ್ಲಿ, ಆಪ್ತಸಮಾಲೋಚಕರ ಬೀಗದ ಕಪಾಟಿನಲ್ಲಿ ಉಳಿಯುತ್ತದೆ. ತಿಂಗಳು ಮುಗಿದ ಮೇಲೆ ಅಲ್ಲಿಂದ ಹೊರಡುವುದು ಒಂದು ಕೋಷ್ಟಕ ಮಾತ್ರ: ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ವಯೋಮಾನದವರು, ಯಾವ ಲಕ್ಷಣ, ಸಿಫಿಲಿಸ್ ಪರೀಕ್ಷೆ ಎಷ್ಟು ಜನಕ್ಕೆ ಆಯಿತು, ಎಷ್ಟರಲ್ಲಿ ರೋಗ ಕಂಡಿತು, ಎಷ್ಟು ಮಂದಿಯ ಸಂಗಾತಿಗಳಿಗೆ ಚಿಕಿತ್ಸೆ ದೊರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಾಸಿಕ ವರದಿಯಲ್ಲೂ ಇಂಥವೇ ಒಂದೆರಡು ಸಾಲುಗಳುಂಟು. ಇವು ಕಾರವಾರಕ್ಕೂ, ಅಲ್ಲಿಂದ ಬೆಂಗಳೂರಿಗೂ, ಅಲ್ಲಿಂದ ದಿಲ್ಲಿಗೂ ಹೋಗುತ್ತವೆ. ಜ್ವರ, ಭೇದಿ, ಕಾಮಾಲೆಗಳ ದಾರಿ ಬೇರೆ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣಾ ಯೋಜನೆಯಲ್ಲಿ ಮೊದಲು ವಾರಕ್ಕೊಂದು ವರದಿ ಹೋಗುತ್ತಿತ್ತು. ಆರೋಗ್ಯ ಸಹಾಯಕಿ ಶಂಕಿಸಿದ್ದು ಒಂದು ನಮೂನೆಯಲ್ಲಿ, ವೈದ್ಯರು ಊಹಿಸಿದ್ದು ಇನ್ನೊಂದರಲ್ಲಿ, ಪ್ರಯೋಗಶಾಲೆ ದೃಢಪಡಿಸಿದ್ದು ಮೂರನೆಯದರಲ್ಲಿ. 2018ರಿಂದ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ, 2021ರಿಂದ ದೇಶದಾದ್ಯಂತ, ಈ ವರದಿಗಳು ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರಿವೆ.

ಹೆಸರಿಲ್ಲದ ಕೋಷ್ಟಕದಿಂದ ಏನು ಪ್ರಯೋಜನ? ಅನಿಲದ ಪಾಠವನ್ನು ನೆನೆಯಿರಿ. ಸಿಲಿಂಡರಿನಲ್ಲಿರುವ ಒಂದೊಂದು ಅಣುವೂ ಎಲ್ಲಿದೆ, ಎತ್ತ ಓಡುತ್ತಿದೆ ಎಂಬುದು ನಮಗೆ ತಿಳಿಯದು. ಆದರೂ ಒತ್ತಡವನ್ನು ಅಳೆಯುತ್ತೇವೆ, ಒತ್ತಡ ಏರಿದರೆ ಎಚ್ಚರಗೊಳ್ಳುತ್ತೇವೆ. ಅಧಿಕಾರಿಗೂ ಬೇಕಾದದ್ದು ಅಷ್ಟೆ. ಆದರೆ ಅಣುಗಳ ಸಂಖ್ಯೆ ಅಪಾರ. ಒಂದು ತಾಲೂಕಿನ ಸಿಫಿಲಿಸ್ ರೋಗಿಗಳು ಬೆರಳೆಣಿಕೆಯವರು. ಇಲ್ಲಿ ಪ್ರಯೋಗಶಾಲೆಯಲ್ಲಿ ಕಲಿತ ಇನ್ನೊಂದು ನಿಯಮ ಉಪಯೋಗಕ್ಕೆ ಬರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳನ್ನು ಎಣಿಸುವಾಗ, ಎಣಿಕೆಯ ವರ್ಗಮೂಲದಷ್ಟು ಏರುಪೇರು ತಾನಾಗಿಯೇ ಇರುತ್ತದೆ. ಕಳೆದ ತಿಂಗಳು 9 ಇದ್ದದ್ದು ಈ ತಿಂಗಳು 13 ಆದರೆ ಗಾಬರಿ ಬೇಡ. 9ರಲ್ಲಿ 3ರಷ್ಟು ಅಲುಗಾಟ ಸಹಜ, 13ರಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಜ್ಯದ ಲೆಕ್ಕ 900ರಿಂದ 1,300ಕ್ಕೆ ಏರಿದರೆ ಪ್ರಮಾಣ ಅದೇ ಆದರೂ ಅರ್ಥ ಬೇರೆ. ಅಲ್ಲಿ ಅಲುಗಾಟ 30, 36ರಷ್ಟು ಮಾತ್ರ, ಏರಿಕೆಯೋ 400. ಸಣ್ಣ ಊರಿನ ಅಂಕೆಯನ್ನು ಪ್ರತ್ಯೇಕವಾಗಿ ಪ್ರಕಟಿಸದಿರಲು ಇದೊಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಹೆಸರನ್ನು ಅಳಿಸಿ, ‘ಕರ್ಕಿ, ಗಂಡಸು, 35 ವರ್ಷ, ದೋಣಿ ಕೆಲಸ’ ಎಂದಷ್ಟೇ ಬರೆದರೂ ಊರಿನವರಿಗೆ ಆಳು ಯಾರೆಂದು ತಿಳಿದುಹೋದೀತು. ಗುಟ್ಟು ಹೆಸರಿನಲ್ಲಿ ಮಾತ್ರ ಇರುವುದಿಲ್ಲ.

ಈಗ ಎಣಿಕೆಯ ನಿಜವಾದ ತೊಡಕಿಗೆ ಬರೋಣ. ಗೀಗರ್ ಎಣಿಕೆಯಂತ್ರದೊಳಗೆ ನುಗ್ಗುವ ಗಾಮಾ ಕಿರಣಗಳಲ್ಲಿ ಅದು ಎಣಿಸುವುದು ನೂರಕ್ಕೆ ಒಂದೆರಡನ್ನು ಮಾತ್ರ. ಹಾಗೆಂದು ಅದನ್ನು ಯಾರೂ ಎಸೆಯುವುದಿಲ್ಲ. ಅದರ ದಕ್ಷತೆಯನ್ನು ಕಂಡುಕೊಂಡು ಭಾಗಿಸುತ್ತಾರೆ. ಆರೋಗ್ಯದ ಎಣಿಕೆಯಂತ್ರದ ದಕ್ಷತೆ ಎಷ್ಟು? ಖಾಸಗಿ ವೈದ್ಯರಲ್ಲಿಗೆ ಹೋದವರು, ಔಷಧದಂಗಡಿಯಲ್ಲೇ ಮುಗಿಸಿದವರು, ಬೇರೆ ಜಿಲ್ಲೆಗೆ ಹೋದವರು ಈ ಕೋಷ್ಟಕಗಳಲ್ಲಿ ಬಹುಮಟ್ಟಿಗೆ ಕಾಣುವುದಿಲ್ಲ. ಕ್ಲಮೀಡಿಯಾ ಸೋಂಕು ತಗಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣದಿರುವುದರಿಂದ ಅವರು ಎಲ್ಲಿಗೂ ಹೋಗುವುದಿಲ್ಲ. ತದ್ವಿರುದ್ಧವಾಗಿ, ಬಿಳಿಸೆರಗೆಂದು ಬಂದ ಹೆಂಗಸರಲ್ಲಿ ಅನೇಕರಿಗೆ ಇರುವುದು ಲೈಂಗಿಕವಾಗಿ ಹರಡುವ ರೋಗವೇ ಅಲ್ಲ. ಹೀಗಿದ್ದರೂ ಜನನಾಂಗದ ಸೋಂಕುಗಳನ್ನೆಲ್ಲ ವರದಿಯಲ್ಲಿ ಒಂದೇ ಸಾಲಿನಲ್ಲಿ ಸೇರಿಸುವ ರೂಢಿಯನ್ನು ನಾವು ಅಷ್ಟಾಗಿ ಮೆಚ್ಚಲಾರೆವು. ಅದು ತೂಕವನ್ನೂ ಉದ್ದವನ್ನೂ ಕೂಡಿಸಿದಂತೆ.

ದಕ್ಷತೆಯನ್ನು ಕಂಡುಕೊಳ್ಳುವ ಒಂದು ಸೊಗಸಾದ ಉಪಾಯವನ್ನು 1949ರಲ್ಲಿ ನಮ್ಮ ದೇಶದ ಸಿ. ಚಂದ್ರಶೇಖರನ್ ಅವರು ಅಮೆರಿಕದ ಡೆಮಿಂಗ್ ಅವರೊಡಗೂಡಿ ಪ್ರಕಟಿಸಿದರು. ಕಲ್ಕತ್ತೆಯ ಬಳಿಯ ಸಿಂಗೂರಿನಲ್ಲಿ ಜನನಮರಣಗಳ ನೋಂದಣಿ ಎಷ್ಟು ಅಪೂರ್ಣವೆಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಉಪಾಯ ಎಲ್ಲಕ್ಕೂ ಒಪ್ಪುತ್ತದೆ. ಒಂದು ಜಿಲ್ಲೆಯಲ್ಲಿ ವೈದ್ಯರ ಪಟ್ಟಿಯಲ್ಲಿ 60 ರೋಗಿಗಳೂ ಪ್ರಯೋಗಶಾಲೆಯ ಪಟ್ಟಿಯಲ್ಲಿ 45 ರೋಗಿಗಳೂ ಇರಲಿ. ಎರಡರಲ್ಲೂ ಇರುವವರು 30 ಮಂದಿ ಎನ್ನೋಣ. ವೈದ್ಯರು ಕಂಡ 60ರಲ್ಲಿ ಪ್ರಯೋಗಶಾಲೆ ಕಂಡದ್ದು 30, ಅಂದರೆ ಅರ್ಧ. ಪ್ರಯೋಗಶಾಲೆಯ ಕಣ್ಣಿಗೆ ಎಲ್ಲೆಡೆಯೂ ಅರ್ಧವೇ ಬೀಳುವುದಾದರೆ, ಅದು ಕಂಡ 45 ಒಟ್ಟು ರೋಗಿಗಳ ಅರ್ಧ, ಒಟ್ಟು 90. ಎರಡು ಪಟ್ಟಿಗಳನ್ನು ಸೇರಿಸಿದರೂ ಸಿಕ್ಕವರು 75 ಮಾತ್ರ. 15 ಮಂದಿ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಣದವರನ್ನು ಕಂಡವರಿಂದ ಎಣಿಸುವ ಈ ಲೆಕ್ಕಕ್ಕೆ ಒಂದು ಷರತ್ತುಂಟು: ಎರಡು ಪಟ್ಟಿಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಪ್ರಯೋಗಶಾಲೆಗೆ ರೋಗಿಯನ್ನು ಕಳುಹಿಸುವುದು ಅದೇ ವೈದ್ಯರಾದ್ದರಿಂದ ಎರಡರಲ್ಲೂ ಇರುವವರು ಹೆಚ್ಚಾಗುತ್ತಾರೆ, ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ. ಹಾಗಾಗಿ 90 ಎಂಬುದನ್ನು ‘ಕಡಿಮೆಯೆಂದರೆ 90’ ಎಂದು ಓದಬೇಕು.

ಚುರುಕಾದ ವಾಚಕರು ಇಷ್ಟರಲ್ಲಿ ಕೇಳಿರಬಹುದು: ಹೆಸರಿಲ್ಲದೆ, ಎರಡೂ ಪಟ್ಟಿಯಲ್ಲಿರುವವನು ಒಬ್ಬನೇ ಎಂದು ತಿಳಿಯುವುದು ಹೇಗೆ? ಸರಿಯಾದ ಪ್ರಶ್ನೆ. ಒಬ್ಬನೇ ರೋಗಿ ಮೂರು ಕಡೆ ತೋರಿಸಿಕೊಂಡರೆ ಮೂವರಾಗುವ ಅಪಾಯವೂ ಉಂಟು. ಇಂಗ್ಲೆಂಡಿನಲ್ಲಿ ಎಚ್.ಐ.ವಿ. ವರದಿಗಳಿಗೆ ಹೆಸರಿನ ಬದಲು ಒಂದು ಸಂಕೇತವನ್ನು ಬಳಸಿದರು. ಕುಲನಾಮದ ಮೊದಲಕ್ಷರವನ್ನು ಉಳಿಸಿ, ಸ್ವರಗಳನ್ನು ಬಿಟ್ಟು, ಉಚ್ಚಾರಣೆ ಹತ್ತಿರವಿರುವ ವ್ಯಂಜನಗಳಿಗೆ ಒಂದೇ ಅಂಕೆಯನ್ನು ಕೊಟ್ಟರೆ ಒಂದು ಅಕ್ಷರ ಮೂರು ಅಂಕೆಗಳ ಸಂಕೇತವಾಗುತ್ತದೆ. ಬೇರೆ ಬೇರೆ ಹೆಸರುಗಳಿಗೂ ಒಂದೇ ಸಂಕೇತ ಬರುವುದರಿಂದ ಹಿಂದಕ್ಕೆ ಹೋಗಿ ಹೆಸರನ್ನು ಹಿಡಿಯಲಾಗದು. ಜನ್ಮದಿನದೊಡನೆ ಇಟ್ಟರೆ ಒಬ್ಬನೇ ಎರಡು ಸಲ ಬಂದದ್ದು ಬಹುಮಟ್ಟಿಗೆ ತಿಳಿಯುತ್ತದೆ.

ಹೆಸರನ್ನು ಕೇಳಬೇಕೇ ಬೇಡವೇ ಎಂಬ ಪ್ರಶ್ನೆಗೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಸ್ವೀಡನ್ 1918ರಲ್ಲಿ ಶಾಸನ ಮಾಡಿ, ಚಿಕಿತ್ಸೆ ಉಚಿತ, ವೈದ್ಯರು ವರದಿ ಮಾಡುವುದು ಕಡ್ಡಾಯ, ಸೋಂಕು ಎಲ್ಲಿಂದ ಬಂತೆಂದು ವಿಚಾರಿಸುವುದೂ ಕಡ್ಡಾಯ ಎಂದಿತು. ಅದೇ ದಶಕದಲ್ಲಿ ಬ್ರಿಟನ್ನಿನ ರಾಜ ಆಯೋಗ ಕಡ್ಡಾಯ ವರದಿ ಬೇಡವೆಂದಿತು; ರೋಗಿಗಳು ಅಡಗಿಕೊಳ್ಳುವರೆಂಬ ಭಯದಿಂದ ಉಚಿತವೂ ಗುಟ್ಟಾಗಿಯೂ ಚಿಕಿತ್ಸೆ ಕೊಡುವುದನ್ನು 1916ರ ನಿಯಮಗಳಲ್ಲಿ ಆರಿಸಿತು. ಅಮೆರಿಕದಲ್ಲಿ ಸಿಫಿಲಿಸ್, ಗೊನೋರಿಯಾ, ಕ್ಲಮೀಡಿಯಾಗಳು ಹೆಸರು ಸಹಿತ ರಾಜ್ಯದ ಆರೋಗ್ಯ ಇಲಾಖೆಗೆ ಹೋಗುತ್ತವೆ. ಅಲ್ಲಿಂದ ಕೇಂದ್ರಕ್ಕೆ ಹೋಗುವಾಗ ಹೆಸರು ಕಳಚುತ್ತದೆ.

ನಮ್ಮಲ್ಲಿ ಈ ಇತಿಹಾಸ ಅಷ್ಟು ಹಿತವಾದದ್ದಲ್ಲ. ಆಂಗ್ಲ ಸರ್ಕಾರ 1868ರಲ್ಲಿ ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಕಲ್ಕತ್ತೆ, ಮುಂಬಯಿಯಂಥ ನಗರಗಳಲ್ಲಿ ವೇಶ್ಯೆಯರನ್ನು ಹೆಸರು ಹಿಡಿದು ನೋಂದಾಯಿಸಿ, ಒತ್ತಾಯದಿಂದ ಪರೀಕ್ಷಿಸಿ, ರೋಗ ಕಂಡವರನ್ನು ಬೀಗದ ಆಸ್ಪತ್ರೆಗಳಲ್ಲಿ ಇರಿಸಿತು. ಬೆಂಗಳೂರಿನ ದಂಡಿನಲ್ಲೂ ಅಂಥ ಆಸ್ಪತ್ರೆಯೊಂದಿತ್ತು. ಸೋಂಕು ತಂದ ಸಿಪಾಯಿಗೆ ನೋಂದಣಿಯೂ ಇಲ್ಲ, ಬೀಗವೂ ಇಲ್ಲ. ಹೆಂಗಸರು ತಪ್ಪಿಸಿಕೊಂಡು ಓಡಿದರು, ರೋಗವೂ ಅವರೊಡನೆ ಹೋಯಿತು. 1888ರಲ್ಲಿ ಕಾಯಿದೆಯನ್ನು ಕೈಬಿಡಬೇಕಾಯಿತು.

ಪಾಠ ಮರೆಯಲು ನೂರು ವರ್ಷ ಸಾಕಾಯಿತು. ಕಾರವಾರದಿಂದ ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಗೋವೆ. ಅಲ್ಲಿನ ಪಾರ್ರಾ ಗ್ರಾಮದ ಡೊಮಿನಿಕ್ ಡಿಸೋಜಾ ಎಂಬ ತರುಣ ಸ್ವಇಚ್ಛೆಯಿಂದ ರಕ್ತದಾನ ಮಾಡುತ್ತಿದ್ದವರು. ಅವರ ರಕ್ತದಲ್ಲಿ ಎಚ್.ಐ.ವಿ. ಕಂಡಿತು. ಸುದ್ದಿ ಹೆಸರು ಸಹಿತ ಅಧಿಕಾರಿಗಳಿಗೆ ಹೋಯಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಬಂದು ಅವರನ್ನು ಕರೆದೊಯ್ದರು. ಗೋವೆಯ ಆರೋಗ್ಯ ಶಾಸನದ ತಿದ್ದುಪಡಿಯ ಪ್ರಕಾರ ಮಾಪುಸಾದಲ್ಲಿ ಹಿಂದೆ ಕ್ಷಯರೋಗಿಗಳ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ 64 ದಿನ ಒಬ್ಬಂಟಿಯಾಗಿ ಇರಿಸಲಾಯಿತು. ತಾಯಿ ಲೂಸಿ ಡಿಸೋಜಾ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಬಿಡುಗಡೆಯಾಗಿ ಬಂದ ಡೊಮಿನಿಕ್ ಸೋಂಕಿತರಿಗಾಗಿ ದುಡಿದು 1992ರಲ್ಲಿ ತೀರಿಕೊಂಡರು. ಆ 64 ದಿನಗಳಿಂದ ಒಬ್ಬನಿಗಾದರೂ ಸೋಂಕು ತಪ್ಪಿತೇ? ಎಚ್.ಐ.ವಿ. ಗಾಳಿಯಿಂದ ಹರಡುವುದಿಲ್ಲವಾದ್ದರಿಂದ ಕೋಣೆಯ ಬಾಗಿಲು ಹಾಕಿದ್ದು ರೋಗಕ್ಕಲ್ಲ. ಆದರೆ ಅದನ್ನು ಕೇಳಿದವರಲ್ಲಿ ಎಷ್ಟು ಜನ ಪರೀಕ್ಷೆಗೆ ಬೆನ್ನು ತಿರುಗಿಸಿದ್ದಾರು!

ಮುಂದೆ ದೇಶ ಬೇರೆ ದಾರಿ ಹಿಡಿಯಿತು. 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿತರ ಹೆಸರನ್ನು ಹೊರಗೆಡಹುವುದನ್ನೂ ನಿಷೇಧಿಸಿದೆ. ಸಂಗಾತಿಗೆ ಅಪಾಯವಿದ್ದು, ಸಮಾಲೋಚನೆಯ ನಂತರವೂ ರೋಗಿ ತಾನಾಗಿ ಹೇಳಲಾರನೆಂದು ಖಚಿತವಾದರೆ, ಅವನಿಗೆ ಮೊದಲೇ ತಿಳಿಸಿ ವೈದ್ಯರು ಸಂಗಾತಿಗೆ ಹೇಳಬಹುದು. ಆದರೆ ಹೇಳುವುದರಿಂದ ರೋಗಿಗೆ, ವಿಶೇಷವಾಗಿ ಹೆಂಗಸಿಗೆ, ಹೊಡೆತ ಬಡಿತ ಅಥವಾ ಮನೆಯಿಂದ ಹೊರದೂಡುವ ಭಯವಿದ್ದರೆ ಹೇಳುವಂತಿಲ್ಲ. ಕ್ಷಯರೋಗದ ಮಾತು ಹೀಗಲ್ಲ. 2012ರ ಮೇ ತಿಂಗಳಿಂದ ಖಾಸಗಿ ವೈದ್ಯರೂ ಪ್ರತಿಯೊಬ್ಬ ಕ್ಷಯರೋಗಿಯನ್ನು ಹೆಸರು ಸಹಿತ ವರದಿ ಮಾಡಬೇಕು. ಕೆಮ್ಮು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನಿಗೂ ತಗಲುತ್ತದೆ, ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕು, ನಡುವೆ ಬಿಟ್ಟರೆ ಮದ್ದಿಗೆ ಬಗ್ಗದ ರೋಗಾಣು ಹುಟ್ಟುತ್ತದೆ. ಹೆಸರು ಬೇಕೇ ಎಂಬುದು ರೋಗ ಹರಡುವ ರೀತಿಯಿಂದ ತೀರ್ಮಾನವಾಗಬೇಕೇ ಹೊರತು ಅದರ ಮೇಲಿನ ನಮ್ಮ ಅಸಹ್ಯದಿಂದಲ್ಲ.

ಕಾಯ್ದು ಕುಳಿತು ಎಣಿಸುವುದರ ಬದಲು ತಾನೇ ಹೋಗಿ ಮಾದರಿ ತೆಗೆಯುವ ವಿಧಾನವೂ ಉಂಟು. 1998ರಿಂದ ದೇಶದ ಗೊತ್ತಾದ ಆಸ್ಪತ್ರೆಗಳಲ್ಲಿ, ಗರ್ಭಿಣಿಯರ ರಕ್ತದಲ್ಲಿ ಬೇರೆ ಪರೀಕ್ಷೆಗಳಿಗೆ ಬಳಸಿ ಉಳಿದದ್ದನ್ನು ಹೆಸರು ಕಳಚಿ ಎಚ್.ಐ.ವಿ.ಗೆ ಪರೀಕ್ಷಿಸುವ ಏರ್ಪಾಡು ನಡೆದುಬಂದಿತು; ಕರ್ನಾಟಕವು ಹೆಚ್ಚು ಸೋಂಕಿನ ರಾಜ್ಯಗಳಲ್ಲೊಂದೆಂದು ತಿಳಿದದ್ದು ಇಂಥ ಎಣಿಕೆಯಿಂದಲೇ. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಮುಂದೆ ನಿಂತು ನಡೆಸಿದ ಕಾರ್ಯಕ್ರಮವೊಂದರಲ್ಲಿ, 2004ರಲ್ಲಿ ಅವರ ನಡುವೆ ನೂರಕ್ಕೆ 25ರಷ್ಟಿದ್ದ ಸಿಫಿಲಿಸ್ 2006ರಲ್ಲಿ 12ಕ್ಕೆ ಇಳಿದುದು ಸಮೀಕ್ಷೆಗಳಿಂದ ತಿಳಿಯಿತು. ಒಂದು ಕಾಲಕ್ಕೆ ಬೀಗ ಹಾಕಿದರೂ ಇಳಿಯದ ರೋಗ, ಅವರನ್ನೇ ನಂಬಿ ಕೆಲಸ ಒಪ್ಪಿಸಿದಾಗ ಎರಡು ವರ್ಷದಲ್ಲಿ ಅರ್ಧವಾಯಿತು.

ಪರೀಕ್ಷೆಯ ಫಲವನ್ನು ವರದಿಗೆ ಏರಿಸುವ ಮುನ್ನ ಒಂದು ಎಚ್ಚರಿಕೆ ಬೇಕು. ಸಾವಿರ ಗರ್ಭಿಣಿಯರಲ್ಲಿ ಇಬ್ಬರಿಗೆ ಮಾತ್ರ ಸಿಫಿಲಿಸ್ ಇದೆ ಎನ್ನಿ. ಪರೀಕ್ಷೆ ಆ ಇಬ್ಬರನ್ನೂ ಹಿಡಿದರೂ, ರೋಗವಿಲ್ಲದ ನೂರರಲ್ಲಿ ಒಬ್ಬರನ್ನು ತಪ್ಪಾಗಿ ‘ಇದೆ’ ಎಂದರೆ, ಉಳಿದ 998ರಲ್ಲಿ ಸುಮಾರು 10 ಮಂದಿ ಸುಳ್ಳು ರೋಗಿಗಳಾಗುತ್ತಾರೆ. ಹನ್ನೆರಡು ಜನರಲ್ಲಿ ನಿಜವಾದವರು ಇಬ್ಬರು! ಸಾಮಾನ್ಯವಾಗಿ ಬಳಸುವ ವಿ.ಡಿ.ಆರ್.ಎಲ್. ಪರೀಕ್ಷೆ ಮಲೇರಿಯಾ, ಕುಷ್ಠಗಳಲ್ಲೂ, ಕೆಲವೊಮ್ಮೆ ಬರಿಯ ಗರ್ಭಾವಸ್ಥೆಯಲ್ಲೂ ಹೀಗೆ ಮೋಸ ಮಾಡುತ್ತದೆ. ಎರಡನೆಯ, ಬೇರೆ ತತ್ತ್ವದ ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವುದು ಅದಕ್ಕಾಗಿ. ಆ ಎರಡನೆಯದೂ ನಿರ್ದೋಷಿಯಲ್ಲ. ರೋಗ ಗುಣವಾದ ಮೇಲೂ ವರ್ಷಗಟ್ಟಲೆ ‘ಇದೆ’ ಎನ್ನುತ್ತಲೇ ಇರುತ್ತದೆ. ಒಂದು ಹಳತನ್ನು ಮರೆಯದು, ಒಂದು ಹೊರಗಿನವರನ್ನು ಒಳಗೆ ಸೇರಿಸುತ್ತದೆ. ಎರಡೂ ಸೇರಿದಾಗ ಸತ್ಯಕ್ಕೆ ಹತ್ತಿರವಾಗುತ್ತೇವೆ.

ಎಣಿಕೆ ಹೆಚ್ಚುಕಡಿಮೆ ಪೂರ್ಣವಾಗಬಹುದಾದ ಜಾಗ ಗರ್ಭಿಣಿಯರದೇ, ಏಕೆಂದರೆ ಅಲ್ಲಿ ಯಾರನ್ನೂ ಶಂಕಿಸದೆ ಎಲ್ಲರನ್ನೂ ಪರೀಕ್ಷಿಸಲಾಗುತ್ತದೆ. ತಾಯಿ ಕಾರ್ಡು ಅವಳ ಕೈಯಲ್ಲಿರುತ್ತದೆ, ಸಂಖ್ಯೆ ಮಾತ್ರ ಕಾರವಾರಕ್ಕೆ ಹೋಗುತ್ತದೆ. ಸಿಫಿಲಿಸ್ ಕಂಡರೆ, ರೋಗ ಹೊಸತಾಗಿದ್ದಲ್ಲಿ 24 ಲಕ್ಷ ಘಟಕಗಳ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು ಸಾಕು. ಆದರೆ ಮಗುವಿನ ರಕ್ಷಣೆಗೆ ಅದು ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಆಗಿರಬೇಕು. ಗಂಡನಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರುತ್ತದೆ. ಅದಕ್ಕಾಗಿ ಕ್ಲಿನಿಕ್ಕಿನವರು ಒಂದು ಚೀಟಿ ಕೊಡುತ್ತಾರೆ. ಗಂಡ ಅದನ್ನು ಹಿಡಿದು ಬಂದರೆ, ಕ್ಲಿನಿಕ್ಕಿನಲ್ಲಿ ಏನನ್ನೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. 2015ರಲ್ಲಿ ಕ್ಯೂಬಾ ದೇಶವು ತಾಯಿಯಿಂದ ಮಗುವಿಗೆ ಎಚ್.ಐ.ವಿ., ಸಿಫಿಲಿಸ್ ಹರಡುವುದನ್ನು ನಿವಾರಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮನ್ನಣೆ ಪಡೆದದ್ದು ಇಂಥ ಚೀಟಿ, ಕಾರ್ಡು, ಕೋಷ್ಟಕಗಳ ಬಲದಿಂದಲೇ.

ಮಗು ಹುಟ್ಟಿದ ಮೇಲೆ ಅದರ ರಕ್ತವನ್ನೂ ತಾಯಿಯ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸುತ್ತಾರೆ. ತಾಯಿಯ ಪ್ರತಿವಿಷಗಳು ಮಗುವಿಗೂ ದಾಟಿರುವುದರಿಂದ ‘ಇದೆ’ ಎಂದ ಮಾತ್ರಕ್ಕೆ ಮಗುವಿಗೆ ರೋಗವಿದೆಯೆಂದಲ್ಲ. ರಕ್ತದ್ರವವನ್ನು ಅರ್ಧ, ಕಾಲು, ಅರೆಕಾಲು ಎಂದು ತೆಳುಮಾಡುತ್ತ ಹೋಗಿ, ಎಷ್ಟು ತೆಳುವಾದರೂ ಪರೀಕ್ಷೆ ಫಲಿಸುತ್ತದೆಂದು ನೋಡುತ್ತಾರೆ. ತಾಯಿಯದು ಎಂಟು ಪಟ್ಟು ತೆಳುವಾದಾಗ ನಿಂತು, ಮಗುವಿನದು ಮೂವತ್ತೆರಡು ಪಟ್ಟಿನವರೆಗೂ ಫಲಿಸಿದರೆ, ಆ ಪ್ರತಿವಿಷ ಮಗುವಿನ ಸ್ವಂತದ್ದು. ಆ ತಿಂಗಳ ಕೋಷ್ಟಕದಲ್ಲಿ ಒಂದು ಸೊನ್ನೆ ಒಂದಾಗುತ್ತದೆ, ಮಗುವಿಗೆ ಅಂದೇ ಪೆನಿಸಿಲಿನ್ ಆರಂಭವಾಗುತ್ತದೆ.